ಮುದ್ರೆ ಹಳಸಿದ ದಿನ

ನಂಬಬಾರದು ಅನ್ನುವುದನ್ನು ನೀಲವ್ವನಷ್ಟು ಚೆನ್ನಾಗಿ ಕಲಿಸುವವರು ಆ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಗೂಳಿಗಡ್ಡಿಯ ಶಾಲೆಯ ಜಗುಲಿಯ ಮೇಲೆ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎದುರಿಗೆ ಕೂತ ತನ್ನದೇ ಊರಿನ ಜನಕ್ಕೆ ಅವಳು ಹೇಳುತ್ತಿದ್ದಳು.

“ಫೋನಿನ್ಯಾಗ ಕಲೆಕ್ಟರ್ ಸಾಹೇಬ್ರ ದನಿ ಬಂತು, ನಂಬಬ್ಯಾಡ್ರಿ. ವಿಡಿಯೋದಾಗ ತಹಸೀಲ್ದಾರ್ ಮಾರಿ ಕಾಣಿಸ್ತು, ನಂಬಬ್ಯಾಡ್ರಿ. ನಾನ ಫೋನ್ ಹಚ್ಚಿ ಅತ್ತು ಕರದ್ರೂ ನಂಬಬ್ಯಾಡ್ರಿ.”

“ಅಯ್, ನಿನ್ನೂ ನಂಬಬಾರದನ?” ಅಂದಳು ಮುಂದೆ ಕೂತಿದ್ದ ಮುದುಕಿಯೊಬ್ಬಳು.

“ನನ್ನಂತೂ ಮೊದಲ ನಂಬಬಾರದು ನೋಡ ದೊಡ್ಡವ್ವ. ದನಿ ಕದಿಯಾಕ ಈಗ ಒಂದು ಕೆಮ್ಮು ಸಿಕ್ರ ಸಾಕು, ನಂಬರ ಕದಿಯಾದಂತೂ ಇನ್ನೂ ಸಸಾರ. ನಂಬಾದು ಒಂದ, ಹೊಳಿ ಪುಟ. ಅದರ ತಲಿಮ್ಯಾಲೆ ಹಸರ ಮುದ್ರಿ ಇರತೈತಿ. ಮುದ್ರಿ ಇದ್ರ ಖರೆ, ಇಲ್ಲಂದ್ರ ಖೊಟ್ಟಿ. ಮುಗೀತು.”

ಹಿಂದೆ ಗೋಡೆಗೆ ಒರಗಿ ಕೂತಿದ್ದ ಅವಳಪ್ಪ ದುರಗಪ್ಪ ಅಂಬಿಗೇರ ಬಾಯಿ ಹಾಕದೆ ಬಿಡುವ ಆಸಾಮಿಯೇ ಅಲ್ಲ. “ನನ್ನ ಮಗಳ ಗುಣಾನ ಹಂಗ. ಹೊಳ್ಯಾಗ ಮೀನ ಸಿಗಲಿಲ್ಲವಾ ಅಂತ ನಾ ಅಂದ್ರ, ಬುಟ್ಟಿ ಡಬ್ಬ ಹಾಕಿ ಜಾಡಿಸಿ ನೋಡತಿದ್ದಳು” ಅಂದ. ಊರಿಗೆ ಊರೇ ನಕ್ಕಿತು. ನೀಲವ್ವಳೂ ನಕ್ಕಳು.

ಆ ಪಾಠಕ್ಕೆ ಕಾರಣವಿತ್ತು. ಗೂಳಿಗಡ್ಡಿ ಅಂದರೆ ಕೃಷ್ಣೆಯ ನಡುವೆ ಎದ್ದು ನಿಂತ ಒಂದು ನಡುಗಡ್ಡೆ. ಮೇಲೆ ಹಿರೇಕಲ್ಲ ಅಣೆಕಟ್ಟು. ಅಲ್ಲಿ ಗೇಟು ತೆಗೆದರೆ ಇಲ್ಲಿಗೆ ನೀರು. ನೀಲವ್ವ ಆ ಅಣೆಕಟ್ಟಿನ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರ್. ಗೇಟು ತೆಗೆಯುವ ಮೊದಲು ಎಚ್ಚರಿಕೆಯನ್ನು ಅವರು ಒಂದು ಜಾಲತಾಣಕ್ಕೆ ಏರಿಸುತ್ತಿದ್ದರು. ಜನ ಅದಕ್ಕೆ ಹೊಳೆ ಪುಟ ಅಂತ ಹೆಸರಿಟ್ಟಿದ್ದರು. ಹರಗೋಲು ಇಳಿಸುವ ಮುನ್ನ ಫೋನು ತೆಗೆದು ಆ ಪುಟ ನೋಡುವುದು ಗಡ್ಡಿಯವರಿಗೆ ಹೊಳೆಗೆ ಕೈಮುಗಿದಷ್ಟೇ ರೂಢಿಯಾಗಿತ್ತು.

ಹಿಂದೊಂದು ಮಳೆಗಾಲದಲ್ಲಿ ಕಳ್ಳರು ಅದೇ ಪುಟದ ಹಾಗೆ ಇನ್ನೊಂದು ಪುಟ ಕಟ್ಟಿದರು. ಅದೇ ಬಣ್ಣ, ಅದೇ ಅಕ್ಷರ. ಅಣೆಕಟ್ಟು ಬಿರುಕು ಬಿಟ್ಟಿದೆ, ಓಡಿರಿ ಅಂತ. ಜೊತೆಗೆ ಪ್ರತಿ ಫೋನಿಗೂ ಅಣೆಕಟ್ಟಿನ ಸಾಹೇಬರ ದನಿಯಲ್ಲಿ ಕರೆ. ಜನ ಉಟ್ಟ ಬಟ್ಟೆಯಲ್ಲಿ ಹೊಳೆಗೆ ಬಿದ್ದರು. ಆ ನೂಕುನುಗ್ಗಲಿನಲ್ಲಿ ಒಂದು ಹರಗೋಲು ಮಗುಚಿ ಕಂಬಾರ ಈರಣ್ಣನ ಸೊಸೆ ಮತ್ತು ಅವಳ ಕೈಗೂಸು ಹೋದರು. ಉಳಿದವರು ವಾಪಸು ಬಂದು ನೋಡಿದರೆ ಹೊಳೆ ಇದ್ದಲ್ಲೇ ಇತ್ತು. ಆಡು, ಪಂಪ್‌ಸೆಟ್ಟು, ಸಿಲಿಂಡರು ಮಾತ್ರ ಇರಲಿಲ್ಲ.

ಆ ಕೂಸನ್ನು ಎತ್ತಿ ಮರಳ ಮೇಲೆ ಮಲಗಿಸಿದವನು ದುರಗಪ್ಪ. ಆಮೇಲೆ ಮಗಳ ಮನೆಗೆ ಬಂದವನು ಊಟಕ್ಕೂ ಕೂಡಲಿಲ್ಲ. “ಏನರ ಮಾಡು ನೀಲಿ. ನಿಮ್ಮ ಶಾಣೇತನ ಇದಕ್ಕ ಉಪಯೋಗಕ್ಕ ಬರಲಿಲ್ಲಂದ್ರ ಯಾತಕ್ಕದು?” ಅಂದಿದ್ದ.

ನೀಲವ್ವ ಮಾಡಿದಳು. ಮುದ್ರೆಯ ಕಾಯ್ದೆ ಅದಕ್ಕೂ ಮೊದಲೇ ಬಂದಿತ್ತು. ಫೋನಿಗೂ ಜಾಲತಾಣಕ್ಕೂ ನಡುವೆ ಹೋಗಿಬರುವ ಮಾತೆಲ್ಲ ಗುಟ್ಟಿನ ಲಿಪಿಯಲ್ಲೇ ಹೋಗಬೇಕು, ದಾರಿಯಲ್ಲಿ ಇನ್ನೊಬ್ಬ ಓದಲಾಗದು, ತಿದ್ದಲಾಗದು. ತಾಣ ತಾನು ಯಾರು ಅನ್ನುವುದಕ್ಕೆ ಕೇಂದ್ರ ಮುದ್ರಾ ಕಚೇರಿಯಿಂದ ಮುದ್ರೆ ತರಬೇಕು. ಫೋನು ಮೊದಲು ಮುದ್ರೆ ನೋಡುತ್ತದೆ. ಸರಿಯಿದ್ದರೆ ಬಾಗಿಲು ತೆಗೆಯುತ್ತದೆ, ಇಲ್ಲದಿದ್ದರೆ ಕೆಂಪು ಪುಟ ತೋರಿಸುತ್ತದೆ. ಕೆಂಪು ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿರುತ್ತಿತ್ತು: ಅಪಾಯ ಗೊತ್ತಿದ್ದೂ ಮುಂದುವರಿಯುತ್ತೇನೆ. ಖೊಟ್ಟಿ ಪುಟ ನೋಡಿದ ಗಡ್ಡಿಯವರೆಲ್ಲ ಅವತ್ತು ಒತ್ತಿದ್ದು ಆ ಸಾಲನ್ನೇ.

ನೀಲವ್ವ ಹೊಳೆ ಪುಟಕ್ಕೆ ಆ ಸಾಲು ತೆಗೆಸಿದಳು. ಅಷ್ಟೇ ಅಲ್ಲ, ಪುಟದ ಹೆಸರನ್ನು ಕಟ್ಟುಪಟ್ಟಿಗೆ ಸೇರಿಸಿದಳು. ಕಟ್ಟುಪಟ್ಟಿಗೆ ಸೇರಿದ ಹೆಸರು ಕಾರ್ಖಾನೆಯಲ್ಲೇ ಪ್ರತಿ ಹೊಸ ಫೋನಿನ ಹೊಟ್ಟೆಯೊಳಗೆ ಕೂತು ಬರುತ್ತದೆ, ಹಳೆಯ ಫೋನಿಗೆ ತಾನಾಗಿ ಬಂದು ಸೇರುತ್ತದೆ. ಈ ಹೆಸರಿನವರು ಮುದ್ರೆಯಿಲ್ಲದೆ ಬಂದರೆ ಒಳಗೆ ಬಿಡಲೇಕೂಡದು, ಫೋನಿನ ಯಜಮಾನ ಕಾಲಿಗೆ ಬಿದ್ದರೂ ಕೂಡದು ಅನ್ನುವ ಕಟ್ಟಪ್ಪಣೆ ಅದು. ದಂಡೆಯುದ್ದಕ್ಕೂ ನಿಲ್ಲಿಸಿದ್ದ ಸೈರನ್ ಕಂಬಗಳಿಗೂ ಅದೇ ಕಟ್ಟಪ್ಪಣೆ ಹಾಕಿಸಿದಳು.

ಅವಳ ಮೇಲಿನ ಅಧಿಕಾರಿ ಗಲಗಲಿ ಸಾಹೇಬರು ಕಾಗದಕ್ಕೆ ಸಹಿ ಹಾಕುವಾಗ ಪೆನ್ನು ಎತ್ತಿಹಿಡಿದು ಕೇಳಿದ್ದರು. “ಚಿಲಕಾ ಗಟ್ಟಿ ಹಾಕಸೂಣು, ಬ್ಯಾಡ ಅನ್ನಂಗಿಲ್ಲ ನಾ. ಆದ್ರ ಸಂಕಟದಾಗ ತಗಿಲಿಕ್ಕೆ ಒಂದು ಸಣ್ಣ ಕಿಂಡಿ ಇರಬೇಕಲ್ಲವಾ?”

“ಕಳ್ಳ ಆ ಕಿಂಡ್ಯಾಗ ಬಂದಾನಲ್ರಿ ಸರ್.”

ಸಾಹೇಬರು ಸಹಿ ಹಾಕಿದರು.

ಮುಂದಿನ ಸಲ ಊರಿಗೆ ಹೋದಾಗ ದುರಗಪ್ಪ ಒಲೆಯ ಮುಂದೆ ಕೂತು ಫೋನನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದ. ಅವಳವ್ವ ಯಂಕವ್ವ ರೊಟ್ಟಿ ಬಡಿಯುತ್ತಿದ್ದಳು.

“ಕೆಂಪ ಪುಟದ ತಳಗಿನ ಸಾಲ ಎಲ್ಲಿ ಹೋತ ನೀಲಿ? ಕೆಂಪ ಬಂದಾಗೆಲ್ಲಾ ನಾ ಅದನ್ನ ಒತ್ತತಿದ್ದೆ.”

“ತಗಸೀನಿ.”

“ಮತ್ತ ನನಗ ಒಳಗ ಹೋಗಬೇಕಾಗಿದ್ರ?”

“ಹೋಗಾಕ ಬರಂಗಿಲ್ಲ.”

“ನನ್ನ ಫೋನು, ನನ್ನ ಹೊಳಿ, ನನ್ನ ಮಗಳು ಮಾಡಿದ ಪುಟ. ನಾನ ಹೊರಗ.” ಮುದುಕ ಹೆಂಡತಿಯ ಕಡೆ ತಿರುಗಿ ಕಣ್ಣು ಹೊಡೆದ. “ನೋಡ್ದೇನ ಯಂಕಿ? ನಿನ್ನ ಹೊಟ್ಯಾಗ ಹುಟ್ಟಿ ನಿನ್ನಕಿಂತ ಜೋರ ಅದಾಳ.”

“ಇರಲಿ ಬಿಡು. ಈರಣ್ಣನ ಸೊಸಿ ಹೋದಂಗ ಮತ್ಯಾರೂ ಹೋಗದಿದ್ರ ಸಾಕು” ಅಂದಳು ಯಂಕವ್ವ, ರೊಟ್ಟಿ ತಿರುವಿಹಾಕುತ್ತ. ದುರಗಪ್ಪನ ನಗೆ ನಿಂತಿತು. “ಖರೆ” ಅಂದ. “ಅದು ಖರೆ.”

ಅದಾದ ಮೇಲೆ ಕಳ್ಳರು ಬರಲಿಲ್ಲವೆಂದಲ್ಲ, ಬಂದರು. ಕೆಂಪು ಪುಟ ಎದ್ದು ನಿಂತು ಅವರನ್ನು ಹೊರಗೇ ತಡೆಯಿತು. “ಈ ಪುಟ ನಿಮ್ಮ ಹೊಳೆ ಪುಟ ಅಲ್ಲದಿರಬಹುದು. ಯಾರೋ ನಿಮಗೆ ಮೋಸ ಮಾಡುತ್ತಿರಬಹುದು” ಅನ್ನುವ ಅದರ ಮಾತು ಗಡ್ಡಿಯವರಿಗೆ ಬಾಯಿಪಾಠವಾಯಿತು. ಕೆಂಪು ಬಂತೆಂದರೆ ಕಳ್ಳ ಹೊಳೆ ಸುದ್ದಿ ಹಿಡಿದು ಬಂದಿದ್ದಾನೆ, ಅವನ ಸುದ್ದಿ ಸುಳ್ಳು ಅಂತಲೇ ಲೆಕ್ಕ. ಹೊಳೆ ಬರುತ್ತದೆ ಅಂತ ಹೆದರಿಸುವವನು ಕಳ್ಳನಾದರೆ ಹೊಳೆ ಸುಮ್ಮನಿದೆ ಅಂತಾಯಿತಲ್ಲ! ಇದನ್ನು ನೀಲವ್ವ ಕಲಿಸಿರಲಿಲ್ಲ, ಅವರೇ ಕಲಿತರು. ಕಲಿತದ್ದು ಅವಳಿಗೆ ಗೊತ್ತಾಗಲಿಲ್ಲ.

ದಸರೆ ಬಂತು. ಮಹಾನವಮಿಯ ದಿನ ಖಂಡೇಪೂಜೆ. ಕಂಟ್ರೋಲ್ ರೂಮಿನಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಅಂದರೆ ದೊಡ್ಡ ಸರ್ವರನ್ನು ಆರಿಸಿ, ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆಯುವುದು. ಪೂಜೆಗೆ ಕೂತ ಆಯುಧವನ್ನು ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಅಷ್ಟು ಹೊತ್ತು ಪುಟ ತೋರಿಸುವ ಕೆಲಸ ಪಕ್ಕದ ಸಣ್ಣ ಯಂತ್ರದ್ದು. ವರ್ಷವಿಡೀ ದುಡಿದ ಜೀವಕ್ಕೆ ಒಂದು ದಿನದ ವಿಶ್ರಾಂತಿ ಕೊಡದಿದ್ದರೆ ಹ್ಯಾಂಗ ಅನ್ನುತ್ತಿದ್ದರು ಗಲಗಲಿ ಸಾಹೇಬರು. ಈ ಸಲ ಗುಂಡಿ ಒತ್ತಿ ಆರಿಸಿದವಳು, ಕುಂಕುಮ ಇಟ್ಟವಳು ನೀಲವ್ವಳೇ.

ಮೊದಲಾದರೆ ಮುದ್ರೆಗೆ ತಿಂಗಳುಗಟ್ಟಲೆ ಆಯುಷ್ಯವಿತ್ತು. ಕಳ್ಳರು ಹುಷಾರಾದಂತೆ ಕಚೇರಿ ಅದನ್ನು ಕಡಿಮೆ ಮಾಡುತ್ತ ಬಂದು, ಆ ವರ್ಷದ ಬೇಸಿಗೆಯಿಂದ ಒಂದೇ ದಿನಕ್ಕೆ ಇಳಿಸಿತ್ತು. ನಸುಕಿನಲ್ಲಿ ದೊಡ್ಡ ಸರ್ವರು ತಾನೇ ಬೆಂಗಳೂರಿನ ಮುದ್ರಾ ಕಚೇರಿಯೊಂದಿಗೆ ಮಾತಾಡಿ ಅವತ್ತಿನ ಹೊಸ ಮುದ್ರೆ ತರಬೇಕು. ತರುವ ಕೀಲಿ ಅದರ ಹೊಟ್ಟೆಯಲ್ಲೇ ಇತ್ತು, ಸಣ್ಣದರ ಬಳಿ ಇರಲಿಲ್ಲ. ಇಷ್ಟೂ ನೀಲವ್ವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ನೆನಪಾಗಲಿಲ್ಲ, ಅಷ್ಟೇ. ವಿಜಯದಶಮಿಯ ನಸುಕಿನಲ್ಲಿ ಸರ್ವರು ಕೊರಳಲ್ಲಿ ಚೆಂಡುಹೂವು ಹಾಕಿಕೊಂಡು ತಣ್ಣಗೆ ಮಲಗಿತ್ತು. ಮುದ್ರೆ ಹಳಸಿತು.

ಅವತ್ತೇ ಮೇಲಿನ ಸೀಮೆಯಲ್ಲಿ ಅಕಾಲದ ಮಳೆ. ಊಟದ ಹೊತ್ತು ಕಳೆಯುತ್ತಿದ್ದಂತೆ ಜಲಾಶಯದ ಮಟ್ಟ ಏರತೊಡಗಿತು. ನೀಲವ್ವ ಎಚ್ಚರಿಕೆ ಬರೆದು ಪುಟಕ್ಕೆ ಏರಿಸಿದಳು. ರೂಮಿನ ಗೋಡೆಯ ಪರದೆ ಒಳತಂತಿಯಿಂದ ನೇರ ಸಣ್ಣ ಯಂತ್ರಕ್ಕೆ ಸೇರಿದ್ದು, ಅದಕ್ಕೆ ಮುದ್ರೆಯ ಹಂಗಿಲ್ಲ. ಅಲ್ಲಿ ಎಚ್ಚರಿಕೆ ದೊಡ್ಡ ಅಕ್ಷರದಲ್ಲಿ ಮಿನುಗುತ್ತಿತ್ತು. ಬಿಡಬೇಕಾದಷ್ಟು ಸಮಯ ಬಿಟ್ಟು ಗೇಟು ತೆಗೆದರು. ನೀರು ಬೆಳ್ಳಗೆ ಹಾರಿ ಬಿದ್ದು ಹೊರಟಿತು.

ಆಮೇಲೆ ಅವಳ ಕಣ್ಣು ಪರದೆಯ ಮೂಲೆಗೆ ಹೋಯಿತು. ಎಚ್ಚರಿಕೆಯನ್ನು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಅಲ್ಲಿರುತ್ತದೆ. ಎಂದಿನಂತಿದ್ದರೆ ಈ ಹೊತ್ತಿಗೆ ಅದು ಓಡುತ್ತಿರಬೇಕು. ಅಲ್ಲಿ ಸೊನ್ನೆ ಇತ್ತು. ಅವಳು ತನ್ನ ಫೋನು ತೆಗೆದು ಹೊಳೆ ಪುಟ ಒತ್ತಿದಳು. ಕೆಂಪು.

“ಸರ್” ಅಂದಳು. ಫೋನನ್ನು ಅವರ ಕಡೆ ಚಾಚಿದಳು. “ಸರ್, ಯಾರಿಗೂ ಕಂಡಿಲ್ರಿ.”

ಗಲಗಲಿ ಸಾಹೇಬರು ಬಂದು ಫೋನು ನೋಡಿದರು, ಮಾಲೆ ಹಾಕಿಕೊಂಡ ಸರ್ವರನ್ನು ನೋಡಿದರು.

“ಗೇಟ ಇಳಸ್ರಿ ಸರ್.”

“ಮಟ್ಟ ನೋಡವಾ. ಈಗ ಇಳಿಸಿದ್ರ ಕಟ್ಟೀನ ಹೋಗತದ. ಕಟ್ಟಿ ಹೋದ್ರ ಗಡ್ಡಿ ಒಂದ ಅಲ್ಲ.”

ನೀಲವ್ವ ಸರ್ವರಿನ ಮಾಲೆ ಕಿತ್ತು ಗುಂಡಿ ಒತ್ತಿದಳು. ಎದ್ದಿತು. ಆದರೆ ಒಮ್ಮೆ ಮುದ್ರೆಯ ಹೊತ್ತು ತಪ್ಪಿಸಿದ ಸರ್ವರು ತಾನು ತಾನೇ ಅಂತ ಹೊಸದಾಗಿ ರುಜುವಾತು ಮಾಡಬೇಕಿತ್ತು. ಮುದ್ರಾ ಕಚೇರಿಗೆ ಫೋನು ಹಚ್ಚಿದಳು. ಸಕ್ಕರೆಯಂಥ ಯಂತ್ರದ ದನಿಯೊಂದು, “ದಸರಾ ಹಬ್ಬದ ಶುಭಾಶಯಗಳು. ನಿಮ್ಮ ಸುರಕ್ಷತೆಗಾಗಿ ನಿಮ್ಮ ಅರ್ಜಿಯನ್ನು ನಾಳೆ ಪರಿಶೀಲಿಸಲಾಗುವುದು” ಅಂದಿತು. ಸೈರನ್ ಕಂಬಗಳು ತಮ್ಮ ತಮ್ಮ ಜಾಗದಲ್ಲಿ ಮುದ್ರೆ ಕಾಯುತ್ತ ಬಾಯಿ ಮುಚ್ಚಿ ನಿಂತಿದ್ದವು. ಸಾಹೇಬರು ಪೊಲೀಸರಿಗೆ ಹೇಳಿದರು. ಸುತ್ತುಬಳಸಿನ ರಸ್ತೆಯಲ್ಲಿ ಜೀಪಿಗಿಂತ ನೀರೇ ಮುಂದೆ.

ಗಡ್ಡಿಯಲ್ಲಿ ಮನೆಗಳಿರುವುದು ದಿಬ್ಬದ ಮೇಲೆ. ನೀರು ಅಲ್ಲಿಗೆ ಹತ್ತುವುದಿಲ್ಲ. ಹೊಳೆಯೊಳಗೆ ಇದ್ದವರದೇ ಚಿಂತೆ. ಇವತ್ತು ಬನ್ನಿ ಹಬ್ಬ. ಪ್ರತಿ ಬನ್ನಿಗೆ ದುರಗಪ್ಪ ಆಚೆ ದಂಡೆಯ ತಂಗಿಯ ಮನೆಗೆ ಬನ್ನಿ ಎಲೆ ಕೊಟ್ಟು ಬರಲು ಈ ಹೊತ್ತಿಗೇ ಹರಗೋಲು ಇಳಿಸುತ್ತಾನೆ.

ಅವಳು ಮೊದಲು ಪಕ್ಕದ ಮನೆಗೆ ಹಚ್ಚಿದಳು. “ಅಂಬಿಗೇರ ನೀಲವ್ವಕ್ಕ ನಮಗ ಎಲ್ಲಾ ಕಲಿಸ್ಯಾಳಪ, ಇಡು” ಅಂತ ಅತ್ತಲಿಂದ ಇಟ್ಟರು. ಇನ್ನೊಂದು ಮನೆಯವರು ಬೈದು ಇಟ್ಟರು. ಆಮೇಲೆ ಅಪ್ಪನಿಗೆ ಹಚ್ಚಿದಳು.

“ಅಪ್ಪಾ, ನಾ ನೀಲಿ. ಎಲ್ಲಿದ್ದೀ?”

“ದಂಡ್ಯಾಗ. ಹರಗೋಲಕ್ಕ ಕೈ ಹಚ್ಚೀನಿ. ಯಾಕ?”

“ಇಳಿಸಬ್ಯಾಡ. ಗೇಟ ತಗದೀವಿ. ಭಾಳ ನೀರ ಬರಾಕತ್ತೈತಿ ಅಪ್ಪಾ, ಮ್ಯಾಲೆ ಹೋಗು.”

ಆ ಕಡೆಯ ದನಿಯಲ್ಲಿ ನಗು ಬಂತು. “ಹೌದನ? ಪುಟದಾಗ ಹಂಗೇನಿಲ್ಲಲಾ.”

“ಪುಟ ಕೆಟ್ಟೈತಿ. ಮುದ್ರಿ ಹಳಸೈತಿ.”

“ಹಾಂ! ಯಂಕೀ, ಏ ಯಂಕೀ, ಕಳ್ಳ ಬಂದಾನ ಫೋನಿನ್ಯಾಗ! ಅಗ್ದಿ ನೀಲಿ ದನೀಲೆ!” ದೂರದಲ್ಲಿ ಯಂಕವ್ವ ಏನೋ ಕೂಗಿದ್ದು ಕೇಳಿಸಿತು. ದುರಗಪ್ಪ ಮತ್ತೆ ಫೋನಿಗೆ ಬಂದ. “ಮುಂಜಾನಿಂದ ಕೆಂಪ ಪುಟ ಬರಾಕತ್ತೈತಿ. ಅವಾಗ ಅನಕೊಂಡೆ, ಇನ್ನ ಫೋನ್ ಬರತೈತಿ ಅಂತ. ಹೋದ ಸಲ ಊರ ಬಿಟ್ಟ ಓಡ್ರಿ ಅಂದ್ರಿ. ಈ ಸಲ ಹೊಳಿ ದಾಟಬ್ಯಾಡ್ರಿ ಅಂತೀರಿ. ನಮ್ಮ ತಂಗಿ ಮನ್ಯಾಗ ಏನ ಕದಿಯಾವ್ರೋ, ಹಳೇ ಕೌದಿ?”

“ಅಪ್ಪಾ, ನನಗ ಏನರ ಕೇಳು. ನನಗ ನಿನಗ ಅಷ್ಟ ಗೊತ್ತಿರಾ ಮಾತು ಕೇಳು.”

“ಅದನ್ನೂ ಹೇಳ್ಯಾಳಪ ನನ್ನ ಮಗಳು. ಗುರುತಿನ ಮಾತ ಕೇಳಬ್ಯಾಡ್ರಿ, ಕಳ್ಳರು ಎಲ್ಲಾ ಓದಕೊಂಡ ಬಂದಿರತಾರ ಅಂತ. ಅಕಿ ಎಂಥಾಕಿ ಅಂತ ತಿಳದೀ?”

ನೀಲವ್ವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಕಾಲಿಗೆ ಬೀಳುತ್ತೇನೆ ಅಂದಳು, ಅವ್ವನ ಆಣೆ ಅಂದಳು.

“ಅಬಬಾ” ಅಂದ ದುರಗಪ್ಪ, ಮೆಚ್ಚಿಕೊಂಡವನ ಹಾಗೆ. “ಅಳೂದೂ ಅಕಿ ಹಂಗ. ಮೂಗ ಏರಸತಾಳಲ್ಲ, ಅದನ್ನೂ ಹಿಡದೀಯಲ್ಲೋ. ಶಾಣ್ಯಾ ಅದಿ.”

ಆಗ ಅವಳಿಗೆ ಹೊಳೆಯಿತು. ನಂಬಿಸುವುದು ಬೇಡ. ಮಾತಾಡುತ್ತಿರುವ ತನಕ ಅವನ ಕಾಲು ನೆಲದ ಮೇಲಿದೆ. ಮಾತಾಡಿಸಿದರೆ ಸಾಕು. ನೀರು ಬಂದುಬಿಟ್ಟರೆ ಕಣ್ಣಾರೆ ನೋಡಿ ನಿಲ್ಲುತ್ತಾನೆ. ಅವಳು ಕಣ್ಣೊರೆಸಿಕೊಂಡಳು.

“ಊಟಾತ ಅಪ್ಪಾ?”

“ಊಟಾತಪ. ಹೋಳಿಗಿ ಮಾಡಿದ್ಲು. ನಿಂದು? ಕಳ್ಳರಿಗೂ ಹಬ್ಬ ಇರತೈತನ?”

“ಇರತೈತಿ. ಅತ್ತಿ ಮನಿಗೆ ಏನ ಒಯ್ಯಾಕತ್ತೀ?”

“ಬನ್ನಿ, ಒಂದ ನಾಕ ಹೋಳಿಗಿ. ಅಕಿಗೆ ಮೊಳಕಾಲ ನೋವು, ಹೊಳೀ ದಾಟಂಗಿಲ್ಲ.” ದುರಗಪ್ಪನ ದನಿ ಇಳಿಯಿತು. “ಒಂದ ಮಾತ ಹೇಳತೀನಿ ಕೇಳು. ಖರೇ ನೀಲಿ ಈ ಹಬ್ಬಕ್ಕ ಫೋನ್ ಮಾಡಲಿಲ್ಲ. ಕೆಲಸ ಇರತೈತಿ ಪಾಪ. ನೀನರ ಮಾಡೀದಿ. ಖೊಟ್ಟಿ ಇದ್ರೂ ಇರವಲ್ದ್ಯಾಕ, ಕಿವಿಗಿ ಅಕೀನ ಬಂದಂಗಾತು. ಮಾತಾಡು, ಇನ್ನೊಂದ ಸ್ವಲ್ಪ ಮಾತಾಡು.”

ಮಾತಾಡಿದಳು. ಹೋಳಿಗೆಗೆ ಹಾಕುವ ಬೆಲ್ಲದ ಬಗ್ಗೆ, ಹರಗೋಲಿಗೆ ಹೊಸದಾಗಿ ಹೊದಿಸಿದ ತಾಡಪಾಲಿನ ಬಗ್ಗೆ, ಅತ್ತೆಯ ಮೊಣಕಾಲಿಗೆ ಯಾವ ಎಣ್ಣೆ ಅನ್ನುವ ಬಗ್ಗೆ. ಅವನು ನಗುತ್ತ, ಬೈಯುತ್ತ, ಕಳ್ಳನಿಗೆ ಬುದ್ಧಿ ಹೇಳುತ್ತ ನಿಂತ. ನೀಲವ್ವಳ ಕಣ್ಣು ಪರದೆಯ ಮೇಲೆ ನೀರಿನ ಓಟ ತೋರಿಸುತ್ತ ಇಳಿಯುತ್ತಿದ್ದ ನೀಲಿ ಗೆರೆಯ ಮೇಲೇ ಇತ್ತು. ನೀರು ಹಾದಿಯ ನಡುವಿತ್ತು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ.

“ಹೊತ್ತಾತಪ, ಬನ್ನಿ ಬಾಡತಾವು” ಅಂದ ದುರಗಪ್ಪ. “ನಿನಗೂ ಅವ್ವ ಅಪ್ಪ ಇರತಾರ. ಬಿಟ್ಟಬಿಡು ಈ ಧಂದೆ.”

“ಅಪ್ಪಾ, ಇಡಬ್ಯಾಡ, ಅಪ್ಪಾ…”

ಇಟ್ಟ. ಆಮೇಲೆ ಎಷ್ಟು ಸಲ ಹಚ್ಚಿದರೂ ರಿಂಗಾಗಿ ರಿಂಗಾಗಿ ನಿಂತಿತು. ನೀರಿಗಿಳಿಯುವಾಗ ಅವನು ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡಬ್ಬಿಯೊಳಗೆ ಇಡುತ್ತಿದ್ದ.

ಹರಗೋಲು ನಡುಹೊಳೆಯಲ್ಲಿದ್ದಾಗ ನೀರು ಬಂತು. ದುರಗಪ್ಪ ಸಿಕ್ಕಿದ್ದು ಬಹಳ ಕೆಳಗೆ, ಜಾಲಿಯ ಪೊದೆಯಲ್ಲಿ. ಡಬ್ಬಿ, ಫೋನು ಸಿಗಲಿಲ್ಲ.

ವಿಚಾರಣೆ ನಡೆಯಿತು. ಮುದ್ರಾ ಕಚೇರಿಯಿಂದ ಬಂದ ಅಧಿಕಾರಿ ಸಭ್ಯ ಮನುಷ್ಯ, ನೀಲವ್ವಳಿಗೆ ಕುರ್ಚಿ ಎಳೆದುಕೊಟ್ಟ. ಹಳಸಿದ ಮುದ್ರೆಯನ್ನು ಒಂದು ಫೋನೂ, ಒಂದು ಕಂಬವೂ ಒಪ್ಪಿಕೊಳ್ಳಲಿಲ್ಲ, ಇಡೀ ವ್ಯವಸ್ಥೆ ಎಲ್ಲೂ ಸೋರದೆ ಕೆಲಸ ಮಾಡಿದೆ ಅಂದ. ದೃಢಪಡದ ಕರೆಯನ್ನು ಒಬ್ಬ ನಾಗರಿಕನೂ ನಂಬಲಿಲ್ಲ, ತರಬೇತಿ ಕೊಟ್ಟವರನ್ನು ಅಭಿನಂದಿಸಬೇಕು ಅಂದ. ಆಮೇಲೆ ಮೃತನ ಅಡ್ಡಹೆಸರು ನೋಡಿ ತಲೆತಗ್ಗಿಸಿದ. ಖಂಡೇಪೂಜೆಯ ದಿನ ಸರ್ವರನ್ನು ಆರಿಸಬಾರದು ಅಂತ ಒಂದು ಸುತ್ತೋಲೆ ಹೊರಟಿತು. ಆ ಕರೆ ಮಾಡಿದ್ದು ಯಾರು ಅನ್ನುವುದು ಗಲಗಲಿ ಸಾಹೇಬರಿಗೆ ಗೊತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ.

ದಿನಕರ್ಮ ಮುಗಿಯುವ ತನಕ ನೀಲವ್ವ ಗಡ್ಡಿಯಲ್ಲೇ ಇದ್ದಳು. ಮಾತಾಡಿಸಲು ಹೆಂಗಸರು ಬಂದು ಕೂರುವರು. ಚಹಾ ಮಾಡುವುದು ಅವಳ ಪಾಲಿಗೆ. ಯಂಕವ್ವ ಅಳದೆ, ಬಂದವರಿಗೆಲ್ಲ ಅದೇ ಮಾತು ಹೇಳುವಳು.

“ನಮ್ಮಾತ ಮೋಸ ಹೋಗಲಿಲ್ಲವಾ. ಕಡೀತನ ಮಗಳು ಹೇಳಿದ್ದ ಮೀರಲಿಲ್ಲ.”

“ದನಿ ಅಗ್ದಿ ನಮ್ಮ ನೀಲವ್ವಂದ ಇತ್ತಂತಲ್ಲ?” ಅಂತ ಕೇಳಿದಳು ಈರಣ್ಣನ ಹೆಂಡತಿ.

“ಅಗ್ದಿ ಅಕೀದ. ಅದಕ್ಕ ನಗಕೋತ ನಿಂತ. ಇಡು, ಇಡು ಅಂತ ನಾ ದಿಬ್ಬದ ಮ್ಯಾಲಿಂದ ಒದರೀನಿ. ಇಡಲಿಲ್ಲ. ಏನ ಹೇಳಿದನೋ ಆ ಕಳ್ಳ, ಏನ ಕೇಳಿದನೋ. ಊಟಾತಪ ಅಂದಿದ್ದು ಕೇಳಿಸ್ತು ನನಗ. ಅಷ್ಟ ಹೊತ್ತು ಹಿಡದ ನಿಲ್ಲಿಸಿದ. ಆ ಫೋನ್ ಒಂದ ಬರದ ಇದ್ರ, ನೀರ ಬರೂದ್ರಾಗ ಆಚಿ ದಂಡಿ ಮುಟ್ಟಿ ತಂಗಿ ಮನ್ಯಾಗ ಚಾ ಕುಡೀತಿದ್ದ ನಮ್ಮಾತ.”

ನೀಲವ್ವಳ ಕೈಯಲ್ಲಿ ಚಹಾದ ತಟ್ಟೆ ಇತ್ತು. ಗೇಟು ತೆಗೆದ ಹೊತ್ತು, ನೀರಿನ ಓಟ, ಹೊಳೆಯ ಅಗಲ, ಅಪ್ಪನ ತೋಳಿನ ಬಲ, ಇದನ್ನೆಲ್ಲ ಅವಳು ಲೆಕ್ಕ ಹಾಕಿ ಆಗಿತ್ತು. ಮಣ್ಣು ಕೊಟ್ಟು ಬಂದ ದಿನವೇ ಹಾಕಿದ್ದಳು, ಆಮೇಲೂ ಹಾಕಿದ್ದಳು. ಯಂಕವ್ವನ ಮಾತು ಪ್ರತಿ ಸಲವೂ ಸರಿಯೇ ಬರುತ್ತಿತ್ತು.

“ಆ ಕಳ್ಳ ಸಿಕ್ಕನೇನ?” ಅಂದಳು ಈರಣ್ಣನ ಹೆಂಡತಿ.

“ಎಲ್ಲಿ ಸಿಗತಾನವಾ. ಅವನ ನಾಲಿಗಿ ಸೇದಿ ಹೋಗ್ಲಿ. ನನ್ನ ಮಗಳ ದನಿ ಕದ್ದ ಬಾಯಿಗೆ ಹುಳ ಬೀಳ್ಲಿ.” ಯಂಕವ್ವ ಮಗಳ ಕೈ ಹಿಡಿದು ಎಳೆದು ಪಕ್ಕಕ್ಕೆ ಕೂಡಿಸಿಕೊಂಡಳು. “ನೀನೂ ಅನ್ನ ನೀಲಿ. ಒಂದು ದಿನಾನೂ ಬಾಯಿ ಬಿಟ್ಟ ಬೈದಿಲ್ಲ ನೀ. ಅಂದುಬಿಡು, ಹಗರಾಗ್ತೀ.”

ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು.

“ಬೀಳ್ಲಿಬೇ” ಅಂದಳು ನೀಲವ್ವ. “ಹುಳ ಬೀಳ್ಲಿ.”